ನಿಂಗರಾಜ ಮಾಸ್ತರರ ಫ್ಲೆಕ್ಸ್ ಕಾವ್ಯ

ಶಾಲೆಯ ಕಂಪೌಂಡಿಗೆ ಕಟ್ಟಿದ್ದ ಕವಿತೆ ಬೆಳಗಾಗುವುದರೊಳಗೆ ಮಾಯವಾಗಿತ್ತು.

ಕವಿತೆಯೆಂದರೆ ಹಾಳೆಯ ಮೇಲಿನದಲ್ಲ, ಕಣದ ಜೋಳವನ್ನೆಲ್ಲ ಮುಚ್ಚುವಷ್ಟು ದೊಡ್ಡ ಫ್ಲೆಕ್ಸಿನ ಮೇಲೆ ಅಚ್ಚಾದದ್ದು. 'ಡಿಜಿಟಲ್ ಸಾಹಿತ್ಯ ಮತ್ತು ಕಲೆಯ ಮೂಲಕ ಸಮಾಜ ಸುಧಾರಣೆ' ಎಂಬ ಯೋಜನೆಯೊಂದು ಆ ವರ್ಷ ಮೇಲಿನಿಂದ ಇಳಿದಿತ್ತು. ಮೇಲಿನಿಂದ ಇಳಿದದ್ದೆಲ್ಲ ಕೊನೆಗೆ ಬೀಳುವುದು ಮಾಸ್ತರರ ತಲೆಯ ಮೇಲೆ. ಕಮತಗಿಯಿಂದ ಆಚೆಗಿನ ಆ ಸಣ್ಣ ಊರಿನಲ್ಲಿ ಅದು ನಿಂಗರಾಜ ಮಾಸ್ತರರ ತಲೆಯ ಮೇಲೆ ಬಿತ್ತು. ಅವರು ರಜೆಗಳನ್ನೆಲ್ಲ ಇಳಕಲ್ಲಿನ ಕಂಪ್ಯೂಟರ್ ಅಂಗಡಿಯಲ್ಲಿ ಕಳೆದು, ಬಯಲು ಶೌಚದ ವಿರುದ್ಧ ಕವಿತೆ ಬರೆದು, ಸುತ್ತ ಬಳ್ಳಿ, ನಡುವೆ ಉದಯಿಸುವ ಸೂರ್ಯ, ಸೂರ್ಯನ ಪಕ್ಕ ಪಾಯಖಾನೆಯ ಚಿತ್ರ ಹಾಕಿಸಿದರು.

'ಏಳು ನಾಗರಿಕನೇ, ತಂಬಿಗೆಯ ಕೆಳಗಿರಿಸು, ಅಂಗಳದಿ ಶೌಚದ ಮಂದಿರವ ನೆಲೆಗೊಳಿಸು' ಎಂದು ಕವಿತೆ ಶುರುವಾಗುತ್ತಿತ್ತು.

"ಸಾಹೇಬ್ರ ಫೋಟೊ ಎಲ್ಲೈತ್ರಿ?" ಎಂದು ಅಂಗಡಿಯವನು ಕೇಳಿದ್ದ. "ಸಾಹೇಬ್ರಿಲ್ಲದ ಫ್ಲೆಕ್ಸ್ ಯಾರ ನೋಡ್ತಾರ್ರಿ? ಕವಿತಿ ಸಣ್ಣದ ಮಾಡೂಣು."

ಹೀಗೆ ತಾಲೂಕಿನ ಶಿಕ್ಷಣಾಧಿಕಾರಿ ಸಾಹೇಬರು ಕೈಮುಗಿದು ನಗುತ್ತ, ಸೂರ್ಯನನ್ನು ಅರ್ಧ ನುಂಗಿ, ಫ್ಲೆಕ್ಸಿನ ಬಲಭಾಗ ಪೂರ್ತಿ ಹಿಡಿದರು.

ಆ ಫ್ಲೆಕ್ಸಿಗೆ ಮಾಸ್ತರರ ಸಂಸಾರವೇ ಜೋತುಬಿದ್ದಿತ್ತು. ಹೆಂಡತಿ ಸುಶ್ಮಿತಾ ಬಾದಾಮಿಯ ದವಾಖಾನೆಯೊಂದರಲ್ಲಿ ನರ್ಸು. ಮಗಳು ಶ್ರುತಿ ಅವಳ ಜೊತೆಗೆ. ವಾರಕ್ಕೊಮ್ಮೆ ಬಾಗಿಲು ಬಡಿಯುವ ಅಪ್ಪನನ್ನು ಕಂಡು, "ಯವ್ವಾ, ಆ ಮಾಮಾ ಬಂದಾನ" ಎಂದು ಒಳಗೆ ಕೂಗಿ ಹೇಳುವ ಮಟ್ಟಕ್ಕೆ ಕೂಸು ಬಂದಿತ್ತು. ಹೋದ ತಿಂಗಳು ಸಾಹೇಬರು ಮಾತು ಕೊಟ್ಟಿದ್ದರು: "ನಿಮ್ಮ ಕೆಲಸ ನನ್ನ ಮನಸಿಗೆ ಬಂದ್ರ, ಬಾದಾಮಿಗೆ ವರ್ಗಾ ಆತಂತ ತಿಳೀರಿ." ಇವತ್ತು ಬೆಳಿಗ್ಗೆಯೇ ಆ ಕೆಲಸವನ್ನು ಕಣ್ಣಾರೆ ನೋಡಲು ಅವರು ಬರುವವರಿದ್ದರು. ನೋಡಲು ಕಂಪೌಂಡು ಬಿಟ್ಟರೆ ಏನೂ ಉಳಿದಿರಲಿಲ್ಲ.

ಮಾಸ್ತರರು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಊರೊಳಗೆ ಓಡಿದರು. ಯಂಕಪ್ಪನ ಚಹಾದಂಗಡಿಯ ಮುಂದೆ ಕಾಲು ನಿಂತವು. ಮಿರ್ಚಿ ಕರಿಯುತ್ತಿದ್ದ ಯಂಕಪ್ಪನ ತಲೆಯ ಮೇಲೆ ಹೊಸ ನೆರಳು. ನೆರಳಿನಲ್ಲಿ 'ಏಳು ನಾಗರಿಕನೇ'.

"ಯಂಕಪ್ಪಾ, ಅದು ನನ್ನ ಕವಿತಿ!"

"ಖರೇನ್ರಿ ಮಾಸ್ತರ? ಭಾಳ ಛಲೋ ಐತ್ರಿ. ಬಿಸಲು ಒಂದೀಟೂ ಇಳ್ಯಾಂಗಿಲ್ಲ."

"ಉಳದದ್ದು ಎಲ್ಲಿ ಹೋತು?"

"ಸತ್ಯವ್ವನ ಗಂಡ ಮಲಕಪ್ಪ ಕುರಿ ಉಣ್ಣೆ ಕತ್ತರಸೂ ಕತ್ತರೀಲೆ ಕತ್ತರಿಸಿ, ತನಗ ಬೇಕಾದ್ದು ಇಟಗೊಂಡ. ಮಿಕ್ಕಿದ್ದು ನನಗೊಂದು ತುಂಡು, ಗುಲಾಬಬಿಗೊಂದು ತುಂಡು ಕೊಟ್ಟ. ಸ್ವಾರ್ಥ ಇಲ್ಲದ ಮನಶ್ಯಾ ನೋಡ್ರಿ."

ಗುಲಾಬಬಿಯ ಹಿತ್ತಲಲ್ಲಿ ಎರಡನೆಯ ಚರಣ ಆಡಿನ ಗೂಡಿಗೆ ಚಾವಣಿಯಾಗಿತ್ತು. ಮೂಲೆಯಲ್ಲಿ ನಿಂತಿದ್ದ ಆಡು ಪ್ರಾಸಗಳನ್ನೆಲ್ಲ ಕಿತ್ತು ಮೆಲುಕು ಹಾಕುತ್ತಿತ್ತು.

"ಸಿಟ್ಟಾಗಬ್ಯಾಡ್ರಿ ಮಾಸ್ತರ," ಎಂದಳು ಗುಲಾಬಬಿ. "ಮೂರು ದಿನದಿಂದ ಮೇವು ಮುಟ್ಟಿದ್ದಿಲ್ರಿ ಇದು. ನಿಮ್ಮ ಕವಿತಿ ಬಂದ ಮ್ಯಾಲ ಬಾಯಿ ಆಡಿಸೇತಿ."

ಪ್ರಾಸ ಹೋದರೆ ಹೋಗಲಿ, ಸಾಹೇಬರಾದರೂ ಸಿಗಲೆಂದು ಮಾಸ್ತರರು ಸತ್ಯವ್ವನ ಅಂಗಳಕ್ಕೆ ಬಂದರು. ಅಲ್ಲಿ ಬಿದಿರಿನ ಗಳಗಳನ್ನು ನೆಟ್ಟು, ಸುತ್ತ ಫ್ಲೆಕ್ಸ್ ಬಿಗಿದು, ಗೋಣಿಚೀಲದ ಬಾಗಿಲು ಇಳಿಬಿಟ್ಟಿದ್ದರು. ಹೊರಮೈ ಬೆಳ್ಳಗಿತ್ತು. ಬಣ್ಣವೆಲ್ಲ ಒಳಗೆ.

"ಸತ್ಯವ್ವಾ, ಸಾಹೇಬ್ರ ಫೋಟೊ?"

"ಒಳಗೈತ್ರಿ ಯಪ್ಪಾ." ಸತ್ಯವ್ವ ಸೆರಗು ಸರಿಪಡಿಸಿಕೊಂಡಳು. "ಮಗಳು ರಾಜಶ್ರೀ ಚೊಚ್ಚಲ ಬಾಣಂತನಕ್ಕ ಬಂದಾಳ್ರಿ. ದಿನಾ ತುಂಬ್ಯಾವ. ಕತ್ತಲದಾಗ ಜಾಲಿಕಂಟಿ ಹಿಂದ ಎಷ್ಟಂತ ಕರ್ಕೊಂಡ ಹೋಗ್ಲಿ? ಮೊನ್ನಿ ನೀವ ಓದಿ ಹೇಳಿದ್ರಲ್ಲ, ಅಂಗಳದಾಗ ಕಟ್ಟ್ರಿ ಅಂತ. ಕುಣಿ ತೋಡಿದ್ವಿ. ಗ್ವಾಡಿಗೆ ಏನೂ ಇದ್ದಿಲ್ಲ. ನೀವ ಹೇಳಿದ್ದು, ನಿಮ್ಮದ ಬಿಚ್ಚಿಗೊಂಡ ಬಂದ್ವಿ."

ತಮ್ಮ ಕವಿತೆಯನ್ನು ಯಾರಾದರೂ ನಂಬಿಬಿಡಬಹುದೆಂದು ಮಾಸ್ತರರು ಕನಸಿನಲ್ಲೂ ಎಣಿಸಿರಲಿಲ್ಲ.

"ಅಲ್ಲಬೇ, ಸಾಹೇಬ್ರ ಮುಖಾನರೆ ಹೊರಗ ಮಾಡಬಾರದೇನ?"

"ಬಿಸಲಿಗೆ ಬಣ್ಣ ಹೋಗತೈತಿ ಅಂತ ನಮ್ಮನ್ಯಾಗಿನವ್ರು ಒಳಗ ಮಾಡಿದ್ರು. ಖರೆ ಆ ಮನಶ್ಯಾ ಭಾಳ ದಿಟ್ಟಿಸಿ ನೋಡ್ತಾನ್ರಿ! ರಾಜಶ್ರೀ ನಾಚಿ ಹೊರಗ ಓಡಿ ಬಂದ್ಲು. ಅದಕ್ಕ ಅವನ ಎರಡೂ ಕಣ್ಣಿಗೆ ಶಗಣಿ ಬಡದೇನಿ."

ಮಾಸ್ತರರು ಅಲ್ಲೇ ಒರಳಕಲ್ಲಿನ ಮೇಲೆ ಕುಸಿದರು. ಅಷ್ಟರಲ್ಲಿ ಊರ ಅಗಸಿಬಾಗಿಲ ಕಡೆಯಿಂದ ಜೀಪಿನ ಹಾರ್ನು ಕೇಳಿತು.

ಮಾಸ್ತರರು ಏದುಸಿರು ಬಿಡುತ್ತ ಚಹಾದಂಗಡಿಗೆ ಬರುವಷ್ಟರಲ್ಲಿ ಯಂಕಪ್ಪ ಸಾಹೇಬರನ್ನು ಬೆಂಚಿನ ಮೇಲೆ ಕೂಡಿಸಿ, ಒಂದು ತಾಟು ಮಿರ್ಚಿ ತಿನ್ನಿಸಿ, ಎರಡನೆಯ ತಾಟು ಮುಂದಿಟ್ಟಿದ್ದ. ತಲೆಯ ಮೇಲಿನ ತುಂಡಿನಲ್ಲಿ ತಮ್ಮ ಮುಖವಿಲ್ಲದ್ದರಿಂದ ಸಾಹೇಬರು ಅದನ್ನು ಗಮನಿಸಿರಲಿಲ್ಲ.

"ಎಲ್ರಿ ಮಾಸ್ತರ, ನಮ್ಮ ಫ್ಲೆಕ್ಸು?"

"ಒಗಿಯಾಕ ಹಾಕೇವ್ರಿ ಸರ್."

"ಫ್ಲೆಕ್ಸ್ ಒಗೀತಾರೇನ್ರಿ?"

"ನಿಮ್ಮ ಮುಖದ ಮ್ಯಾಲ ಧೂಳ ಕುಂತಿತ್ರಿ. ನೋಡಾಕ ಆಗಲಿಲ್ರಿ ಸರ್."

ಸಾಹೇಬರು ಇನ್ನೇನೋ ಕೇಳಬೇಕೆಂದು ಬಾಯಿ ತೆರೆದವರು ಹಾಗೆಯೇ ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟರು. ಕಚ್ಚಾ ರಸ್ತೆಯ ಕುಲುಕಾಟಕ್ಕೂ ಯಂಕಪ್ಪನ ಮೆಣಸಿನಕಾಯಿಗೂ ಒಳಗೆ ಒಪ್ಪಂದವಾದಂತಿತ್ತು. ಹಣೆಯ ಮೇಲೆ ಬೆವರು ಮೂಡಿತು.

"ಮಾಸ್ತರ, ಸಾಲ್ಯಾಗ ಪಾಯಖಾನಿ ಐತ್ಯಲ್ಲ?"

"ಐತ್ರಿ. ಬಿಸಿಯೂಟದ ಕಟ್ಟಿಗಿ ತುಂಬೇವ್ರಿ."

"ಸರ್, ಸತ್ಯವ್ವನ ಅಂಗಳದಾಗ ಹೊಸಾದು ಆಗೇತ್ರಿ!" ಯಂಕಪ್ಪ ಮಿರ್ಚಿ ಕರಿಯುವ ಜಾರೆ ಎತ್ತಿ ದಾರಿ ತೋರಿಸಿದ. "ಇಡೀ ಊರಾಗ ಅದೊಂದ ನೋಡ್ರಿ."

"ಬ್ಯಾಡ್ರಿ ಸರ್!" ಮಾಸ್ತರರು ಎರಡೂ ಕೈ ಚಾಚಿ ಅಡ್ಡ ನಿಂತರು. "ಬಯಲಕಡಿ ಹೋಗ್ರಿ ಸರ್. ಜಾಲಿಕಂಟಿ ಹಿಂದ ಭಾಳ ತಂಪೈತ್ರಿ, ಗಾಳಿ ಚಂದ ಬರತೈತ್ರಿ. ನಾನ ತಂಬಿಗಿ ತುಂಬಿ ಕೊಡ್ತೇನ್ರಿ!"

ಬಯಲು ಶೌಚದ ವಿರುದ್ಧ ಮಹಾಕವಿತೆ ಬರೆದವರ ಬಾಯಿಂದ ಈ ಮಾತು ಬಂದಾಗ ಯಂಕಪ್ಪನ ಜಾರೆಯಿಂದ ಎಣ್ಣೆ ತೊಟ್ಟಿಕ್ಕಿತು. ಆದರೆ ಸಾಹೇಬರಿಗೆ ಸಾಹಿತ್ಯ ವಿಮರ್ಶೆಗೆ ವ್ಯವಧಾನವಿರಲಿಲ್ಲ. ಮಾಸ್ತರರನ್ನು ಪಕ್ಕಕ್ಕೆ ತಳ್ಳಿ, ಗೂಳಿಯಿಂದ ಬೆನ್ನಟ್ಟಿಸಿಕೊಂಡವರಂತೆ ಸತ್ಯವ್ವನ ಅಂಗಳಕ್ಕೆ ನುಗ್ಗಿ ಗೋಣಿಚೀಲದ ಹಿಂದೆ ಮರೆಯಾದರು.

ಒಳಗೆ ಸಾಹೇಬರು. ಹೊರಗೆ ಅರ್ಧ ಊರು. ಮಾಸ್ತರರ ಕಣ್ಣ ಮುಂದೆ ಬಾದಾಮಿಯ ಗುಡ್ಡಗಳು ಒಂದೊಂದಾಗಿ ಉರುಳಿ ಬಿದ್ದವು.

ಬಹಳ ಹೊತ್ತಿನ ಮೇಲೆ ಗೋಣಿಚೀಲ ಸರಿಯಿತು. ಸಾಹೇಬರ ಮುಖ ಹದವಾಗಿ ಮಳೆಯಾದ ಹೊಲದಂತೆ ತಣ್ಣಗಿತ್ತು.

"ಮಾಸ್ತರ, ಒಳಗಿರಾಂವ ನಾನ ಅಲ್ಲೇನ್ರಿ?"

"ಹೌದ್ರಿ ಸರ್..."

"ಕಣ್ಣಿಗೆ ಶಗಣಿ?"

"ತಪ್ಪಾತ್ರಿ ಸರ್..."

"ತಪ್ಪೇನು ಬಂತ್ರಿ? ಭಾಳ ವಿಚಾರ ಮಾಡಿ ಬಡದಾರ. ಇಲ್ಲಂದ್ರ ನನ್ನ ಮುಂದ ನಾನ ಹೆಂಗ ಕೂಡಬೇಕಿತ್ತು?" ಸಾಹೇಬರು ಮಾಸ್ತರರ ಎರಡೂ ಕೈ ಹಿಡಿದರು. ಕೈ ಇನ್ನೂ ಒದ್ದೆಯಾಗಿತ್ತು. "ಇಡೀ ತಾಲೂಕಿನಾಗ ಫ್ಲೆಕ್ಸ್ ಹಚ್ಚಾವ್ರನ್ನ ನೋಡೇನಿ. ಫ್ಲೆಕ್ಸ್ ನೋಡಿ ಕುಣಿ ತೋಡಿದ ಊರು ಇದೊಂದ. ಇವತ್ತು ನನ್ನ ಮಾನ ಉಳಿಸಿದ್ದು ನಿಮ್ಮ ಕವಿತಿ. ನಿಮ್ಮ ಕೆಲಸ ನನ್ನ ಮನಸಿಗೆ ಬಂತು!"

ಉರುಳಿದ ಗುಡ್ಡಗಳೆಲ್ಲ ಎದ್ದು ನಿಂತವು. ನಾಳೆಯೇ ಗಂಟುಮೂಟೆ ಕಟ್ಟಿ, ಮಗಳಿಗೆ ತಾನು ಮಾಮಾ ಅಲ್ಲವೆಂದು ಸಮಾಧಾನವಾಗಿ ತಿಳಿಸಿ ಹೇಳಬಹುದು. ಮಾಸ್ತರರ ಕಣ್ಣು ತುಂಬಿದವು.

"ಹಂಗಾರ ಸರ್, ಬಾದಾಮಿ..."

"ಬಾದಾಮಿ ಹೆಸರು ಎತ್ತಬ್ಯಾಡ್ರಿ!" ಸಾಹೇಬರು ಊರಿಗೆಲ್ಲ ಕೇಳುವಂತೆ ಕೂಗಿದರು. "ಇಂಥಾ ಮಾಸ್ತರನ್ನ ಬಿಟ್ಟುಕೊಡಾಕ ನನಗೇನು ಹುಚ್ಚು ಹಿಡದೈತೇನು? ಈ ಊರಾಗ ಮನಿಗೊಂದು ಪಾಯಖಾನಿ ಆಗೂ ತನಕ ಇವರನ್ನ ಯಾರೂ ಅಳ್ಳಾಡಸಾಂಗಿಲ್ಲ. ನಾ ಮಾತು ಕೊಡ್ತೇನಿ!"

ಊರು ಚಪ್ಪಾಳೆ ತಟ್ಟಿತು. ಜೀಪು ಧೂಳೆಬ್ಬಿಸಿ ಹೋಯಿತು.

ಧೂಳು ಇಳಿಯುವ ಮೊದಲೇ ಹೆಂಗಸರು ಮಾಸ್ತರರನ್ನು ಸುತ್ತುಗಟ್ಟಿದರು. "ನಮಗೂ ಒಂದು ಬೇಕ್ರಿ ಮಾಸ್ತರ!" "ನಮ್ಮ ಮನಿಗೆ ಮದಲ!"

ಮುಳುಗುವವರ ಕೈಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಊರಿಗೆ ಊರೇ ಕಾವ್ಯ ಬೇಡುತ್ತಿದೆ. ಬಾದಾಮಿ ಹೋದರೆ ಹೋಯಿತು, ಕವಿಯಾದರೂ ಉಳಿದನಲ್ಲ. ಮಾಸ್ತರರು ಕಣ್ಣೊರೆಸಿಕೊಂಡು, "ಆತ್ರೆವ್ವಾ, ಮನಿಗೊಂದು ಹೊಸಾ ಕವಿತಿ ಬರದು ಕೊಡ್ತೇನಿ" ಎಂದರು.

ಸತ್ಯವ್ವ ಗಾಬರಿಯಾಗಿ ಕೈಮುಗಿದಳು.

"ಕವಿತಿ ಬ್ಯಾಡ್ರಿ ಯಪ್ಪಾ, ಬರೇ ಬಿಳೇ ಫ್ಲೆಕ್ಸ್ ಕೊಡ್ರಿ. ಅಕ್ಷರ ಇದ್ರ ಒಳಗ ಹ್ವಾದವ್ರು ಓದಕೊಂತ ಕುಂತಬಿಡ್ತಾರ. ಹೊರಗ ಪಾಳಿ ಹಚ್ಚಿದವ್ರ ಗತಿ ಏನ್ರಿ?"