ನಲವತ್ತೆರಡನೇ ನಂಬರಿನ ಹಾಲು

ಕಾನೂನು ಬಲ್ಲ ಗಂಡ ಮನೆಯಲ್ಲಿದ್ದರೆ ಹೆಂಡತಿಗೆ ಹೊರಗಿನ ಶತ್ರು ಬೇಕಾಗಿಲ್ಲ. ಇದು ನನ್ನ ಮಾತಲ್ಲ, ನನ್ನ ಹೆಂಡತಿ ಗೌರಮ್ಮನದು. ಅದನ್ನು ಅವಳು ನನಗೆ ಹೇಳಲಿಲ್ಲ, ನಮ್ಮ ಹಸು ಗಂಗೆಗೆ ಹೇಳಿದಳು; ಹುಲ್ಲು ಹಾಕುತ್ತಾ, ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ ನನಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಗಂಗೆ ತಲೆಯಾಡಿಸಿತು. ನೊಣ ಕೂತಿದ್ದಕ್ಕೆ ಆಡಿಸಿತೆಂದು ನಾನು ಸಮಾಧಾನ ಮಾಡಿಕೊಂಡೆ.

ಕಡೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ತಲೆ ಬೆಳ್ಳಗೆ ಮಾಡಿಕೊಂಡು, ಈಗ ಶಿವನಿ ಹತ್ತಿರದ ನಮ್ಮೂರಿಗೆ ಬಂದು ಕೂತಿದ್ದೇನೆ. ಕಚೇರಿ ನನ್ನನ್ನು ಬಿಟ್ಟರೂ ನಾನು ಕಚೇರಿಯನ್ನು ಬಿಟ್ಟಿಲ್ಲ. ಮೊಮ್ಮಗಳು ಚಾಕಲೇಟು ಕೇಳಿದರೂ "ಯಾವ ಆಧಾರದ ಮೇಲೆ?" ಎಂದು ಕೇಳುವ ಚಟ. ಊರಿನ ಜನ ಜಮೀನಿನ ಖಾತೆ, ಪೋಡಿ ಎಂದು ಏನೇ ತಕರಾರು ಬಂದರೂ ನನ್ನ ಹತ್ತಿರ ಬರುತ್ತಾರೆ. ನಾನು ನಿಯಮ ಹೇಳುತ್ತೇನೆ. ಅವರು ಕಾಫಿ ಕುಡಿದು, ತಲೆದೂಗಿ, ಆಮೇಲೆ ತಮಗೆ ಬೇಕಾದ್ದನ್ನು ಮಾಡಿಕೊಳ್ಳುತ್ತಾರೆ. ಆದರೂ ನನಗೊಂದು ಮರ್ಯಾದೆ ಇತ್ತು.

ನಮ್ಮೂರಿನ ಹಾಲಿನ ಡೈರಿಯಲ್ಲಿ ಯಾರಿಗೂ ಹೆಸರಿಲ್ಲ, ನಂಬರ್ ಮಾತ್ರ. ಸಾಲಿನಲ್ಲಿ ನಿಂತವರು ಕ್ಯಾನು ಮುಂದಿಟ್ಟು ನಂಬರ್ ಕೂಗಬೇಕು. ನನ್ನದು ನಲವತ್ತೆರಡು. ಗೌರಮ್ಮ ಯಗಟಿ ಕಡೆಯವಳು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಅವ್ವನಿಂದ ಕಲಿತು ಬಂದವಳು. ಅವಳಿಗೆ ಈ ಏರ್ಪಾಡು ಎಷ್ಟು ಹಿಡಿಸಿತೆಂದರೆ, ಮನೆಯಲ್ಲೂ ನನ್ನನ್ನು ಹಾಗೇ ಕರೆಯತೊಡಗಿದಳು. "ನಲವತ್ತೆರಡು, ಮುದ್ದೆ ಆರೋಗ್ತದೆ, ಬನ್ನಿ!" ನೆಂಟರು ಗಾಬರಿಯಾಗುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೆ ಅವಳಿಟ್ಟ ಹೆಸರು ಅದೊಂದೇ.

ಮಹಿಳೆಯರೂ ಸದಸ್ಯರಾಗಬೇಕೆಂದು ಹಿಂದೊಮ್ಮೆ ಡೈರಿಯವರು ಹೇಳಿದಾಗ ಗೌರಮ್ಮನೂ ಷೇರು ಕಟ್ಟಿ ನೂರಾ ಹದಿನಾರನೇ ನಂಬರ್ ಪಡೆದಿದ್ದಳು. ಆದರೆ ಹಾಲು ಮಾತ್ರ ನಲವತ್ತೆರಡಕ್ಕೇ ಬೀಳುತ್ತಿತ್ತು. "ಎರಡು ಕಡೆ ಯಾಕೆ, ಬೋನಸ್ಸು ಒಂದೇ ಕಡೆ ಬರಲಿ" ಎಂದವನು ನಾನೇ. ಕಸ ಬಾಚುವವಳು, ಬೂಸ ಕಲಸುವವಳು, ಹಾಲು ಕರೆಯುವವಳು, ಸಾಲಿನಲ್ಲಿ ನಿಲ್ಲುವವಳು ಅವಳು. ಹಾಲು ಉತ್ಪಾದಕ ನಾನು. ಹೀಗೆ ಎಲ್ಲವೂ ಸುಸೂತ್ರವಾಗಿತ್ತು.

ಈ ಸಲ ಡೈರಿಯ ಆಡಳಿತ ಮಂಡಳಿಗೆ ಚುನಾವಣೆ ಬಂತು. ಉಳಿದ ಸ್ಥಾನಗಳನ್ನೆಲ್ಲ ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಅವಿರೋಧವಾಗಿ ಹಂಚಿಕೊಂಡಾಗಿತ್ತು. ಮಹಿಳೆಯರ ಸ್ಥಾನಕ್ಕೆ ಅಧ್ಯಕ್ಷ ರುದ್ರಣ್ಣ ತನ್ನ ಹೆಂಡತಿಯ ಹೆಸರು ಕೊಟ್ಟಿದ್ದ. ಅದಕ್ಕೆ ಎದುರಾಗಿ ಗೌರಮ್ಮ ನಿಂತುಬಿಟ್ಟಳು.

"ಸಂಘಕ್ಕೆ ಬರೋ ಪಶು ಆಹಾರದ ಮೂಟೆ ರುದ್ರಣ್ಣನ ಹಿತ್ತಲಲ್ಲಿ ಇಳೀತದೆ. ನಾವು ಹೆಂಗಸ್ರು ಅವನ ಮನೆ ಬಾಗ್ಲಲ್ಲಿ ನಿಂತು ಬೇಡ್ಬೇಕಾ? ಮೂಟೆ ಡೈರೀಲೇ ಇಳೀಬೇಕು ಕಣ್ರೀ. ಅದೊಂದು ಆದ್ರೆ ಸಾಕು ನಂಗೆ" ಎಂದಳು. ಒಮ್ಮೆ ಅವನು ಇವಳನ್ನು ಉರಿಬಿಸಿಲಲ್ಲಿ ನಿಲ್ಲಿಸಿ, ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, "ಮೂಟೆ ಖಾಲಿ, ನಾಳೆ ಬಾ" ಎಂದಿದ್ದನಂತೆ. ನನಗೆ ಆಗ ಹೇಳಿರಲಿಲ್ಲ. ಹೇಳಿದ್ದರೆ ನಾನು ನಿಯಮ ಹುಡುಕುತ್ತಿದ್ದೆನೇ ಹೊರತು ರುದ್ರಣ್ಣನನ್ನು ಕೇಳುತ್ತಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

ನಾಮಪತ್ರ ಬರೆದವನು ನಾನು. ಕಾಮಾ ಕೂಡ ತಪ್ಪಿರಲಿಲ್ಲ. ಪರಿಶೀಲನೆಗೆ ತರೀಕೆರೆಯಿಂದ ಬಂದ ಚುನಾವಣಾಧಿಕಾರಿ ಅದನ್ನು ನೋಡಿ "ಅಕ್ಷರ ಚೆನ್ನಾಗಿದೆ" ಎಂದು ಹೊಗಳಿದರು. ನಾನು ಉಬ್ಬಿದೆ. ಅಷ್ಟರಲ್ಲಿ ರುದ್ರಣ್ಣ ಎದ್ದು ನಿಂತ.

"ತಕರಾರೈತೆ ಸಾರ್. ಅಭ್ಯರ್ಥಿ ನಂಬರ್‌ಗೆ ವರ್ಷದಿಂದ ಒಂದು ತೊಟ್ಟು ಹಾಲು ಬಿದ್ದಿಲ್ಲ. ಹಾಲೇ ಹಾಕ್ದೆ ಇರೋರು ಹೆಂಗ್ ನಿಲ್ತಾರೆ? ಇವ್ರನ್ನ ಅನರ್ಹ ಮಾಡ್ಬೇಕು."

ಗೌರಮ್ಮ ಸುಮ್ಮನಿರುತ್ತಾಳೆಯೇ? "ಏನಪ್ಪಾ ರುದ್ರಣ್ಣ, ನಿಮ್ಮ ಕೊಟ್ಟಿಗೇಲಿ ಟ್ರ್ಯಾಕ್ಟರ್ ನಿಂತೈತೆ. ನಿನ್ನ ಹೆಂಡ್ತಿ ಅದನ್ನೇ ಕರೀತಾಳಾ?" ಎಂದಳು. ಹೆಂಗಸರೆಲ್ಲ ಗೊಳ್ಳೆಂದರು. ರುದ್ರಣ್ಣನ ತಮ್ಮನ ಮನೆಯ ಹಾಲು ಅತ್ತಿಗೆಯ ನಂಬರಿಗೆ ಬೀಳುವುದು ಊರಿಗೆಲ್ಲ ಗೊತ್ತಿತ್ತು. ಆದರೆ ನಂಬರಿಗೆ ಹಾಲು ಬಿದ್ದಿತ್ತಲ್ಲ! ನಿಯಮಕ್ಕೆ ಅಷ್ಟು ಸಾಕು.

ಅಧಿಕಾರಿ ಒಳ್ಳೆಯ ಮನುಷ್ಯ. ನನ್ನ ಕಡೆ ತಿರುಗಿ, "ನೋಡಿ ಯಜಮಾನ್ರೇ, ನಲವತ್ತೆರಡಕ್ಕೆ ಬಿದ್ದ ಹಾಲು ನನ್ನದಲ್ಲ, ನನ್ನ ಹೆಂಡತೀದು ಅಂತ ಎರಡು ಸಾಲು ಬರೆದುಕೊಡಿ. ಇವರನ್ನ ಉಳಿಸ್ತೀನಿ" ಎಂದರು.

ಪೆನ್ನು ತೆಗೆದೆ. ರುದ್ರಣ್ಣ ನಿಧಾನವಾಗಿ ಹತ್ತಿರ ಬಂದು, "ಬರ್ಕೊಡಣ್ಣ, ಧಾರಾಳವಾಗಿ ಬರ್ಕೊಡು. ಆಮೇಲೆ ನಿನ್ನ ಹಾಲು ಯಾವ್ದು? ನಿನ್ನ ಓಟೂ ಹೋಯ್ತು, ಸಭೇಲಿ ಮಾತಾಡೋ ಹಕ್ಕೂ ಹೋಯ್ತು" ಎಂದ.

ಓದುಗರೇ, ಅಲ್ಲಿ ನನ್ನ ಕೈ ನಿಂತಿತು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಬೈಲಾ ಓದುವುದು ಬಿಟ್ಟರೆ ಈ ಊರಿನಲ್ಲಿ ನನಗೆ ಇನ್ನೇನಿದೆ? ಅದೂ ಹೋದರೆ ನಾನು ಬರೀ ಪಿಂಚಣಿ ತಿನ್ನುವ ಮುದುಕ. ಗೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕನ್ನಡಕ ಒರೆಸಿಕೊಂಡು ಹೇಳಿದೆ: "ಸುಳ್ಳು ಬರೆಯೋದು ಹೇಗೆ ಸಾರ್? ಹಸುವಿನ ವಿಮೆ ನನ್ನ ಹೆಸರಲ್ಲಿದೆ. ದಾಖಲೆ ಪ್ರಕಾರ ಹಸು ನನ್ನದು, ಹಾಲೂ ನನ್ನದೇ ಆಗುತ್ತೆ."

ನಾಮಪತ್ರ ತಿರಸ್ಕೃತವಾಯಿತು. ಎದುರಾಳಿ ಇಲ್ಲವಾದ್ದರಿಂದ ರುದ್ರಣ್ಣನ ಹೆಂಡತಿ ಅಲ್ಲೇ ಅವಿರೋಧವಾಗಿ ಗೆದ್ದಳು. ಇನ್ನು ಮತದಾನವೇ ಬೇಡ ಎಂದು ಅಧಿಕಾರಿ ಚೀಲ ಕಟ್ಟಿದರು. ನಾನು ಅಷ್ಟು ಜೋಪಾನ ಮಾಡಿದ ಓಟು ಜೇಬಿನಲ್ಲೇ ಉಳಿಯಿತು. ಹೊರಗೆ ರುದ್ರಣ್ಣ ನನ್ನ ಬೆನ್ನು ತಟ್ಟಿ, "ನಿಯಮ ಅಂದ್ರೆ ನೀನೇ ಕಣಣ್ಣ" ಎಂದ. ಥೂ, ನನ್ನ ಜನ್ಮಕ್ಕಿಷ್ಟು!

ಗೌರಮ್ಮ ಬೈಯಲಿಲ್ಲ. ಬೈದಿದ್ದರೆ ಅರ್ಧ ಹಗುರಾಗುತ್ತಿದ್ದೆ. ಮರುದಿನ ಬೆಳಿಗ್ಗೆ ಬಕೆಟ್ಟನ್ನು ನನ್ನ ಮುಂದಿಟ್ಟು, "ಹಸು ನಿಮ್ದಂತಲ್ಲ, ಕರೀರಿ" ಎಂದಳು. ಹೋದೆ. ಗಂಗೆ ವಿಮೆಯ ಕಾಗದ ಓದಿರಲಿಲ್ಲ. ಒಂದೇ ಒದೆಗೆ ಬಕೆಟ್ಟು ಒಂದು ಕಡೆ, ಉತ್ಪಾದಕ ಒಂದು ಕಡೆ. ಕೆಚ್ಚಲು ಕಟ್ಟಿ ಹಸು ಒದ್ದಾಡುವುದನ್ನು ನೋಡಲಾರದೆ ಅವಳೇ ಬಂದು ಕೂತಳು. "ಪಾಪ, ನೀನೇನ್ ಮಾಡಿದ್ದೀಯವ್ವ" ಎಂದು ಅದರ ಮೈ ಸವರಿದಳು. ನನಗೆ ಆ ಮಾತು ಹೇಳುವವರು ಯಾರೂ ಇರಲಿಲ್ಲ.

ಅಂದಿನಿಂದ ಹಾಲು ನೂರಾ ಹದಿನಾರಕ್ಕೆ ಬೀಳುತ್ತಿದೆ. ಸಾಲಿನಲ್ಲಿ ನಿಲ್ಲುವವನು ಮಾತ್ರ ನಾನು. ಸೊಂಟ ನೋವೆಂದು ಅವಳು ಬರುವುದಿಲ್ಲ. ಕ್ಯಾನು ಮುಂದಿಟ್ಟು ಹೆಂಡತಿಯ ನಂಬರ್ ಕೂಗುತ್ತೇನೆ. ನಲವತ್ತೆರಡಕ್ಕೆ ತೊಟ್ಟೂ ಇಲ್ಲ; ಮುಂದಿನ ಚುನಾವಣೆಗೆ ನಾನೇ ಅನರ್ಹ. ನಿಯಮ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಾದರೂ ತಡೆದುಕೊಂಡೇನು. ಮುದ್ದೆ ಆರುವ ಹೊತ್ತಿಗೆ ಅಡುಗೆಮನೆಯಿಂದ ಈಗ ಯಾವ ನಂಬರೂ ಕೇಳಿಸುವುದಿಲ್ಲ. ತಟ್ಟೆ ಇಟ್ಟ ಸದ್ದು ಕೇಳುತ್ತದೆ. ನಾನು ಎದ್ದು ಹೋಗಿ ಕೂರುತ್ತೇನೆ.