ಲಿನ್‌ವುಡ್ ಉಳಿಸಿದ ದುಡ್ಡು

ಹಳೆಯ ಫ್ರಿಜ್ಜು, ಒಲೆ, ಬಟ್ಟೆ ಒಗೆಯುವ ಯಂತ್ರಗಳನ್ನು ಮಾರಿ ಬದುಕಿದವನಿಗೆ ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅವನ ತೂಕ ತಿಳಿದುಬಿಡುತ್ತದೆ. ಲಿನ್‌ವುಡ್ ಪೆಟ್ವೇಯನ್ನು ನಾನು ತೂಗಿದ್ದು ಹೀಗೆ: ಐವತ್ತೈದರ ಆಸುಪಾಸು, ಬಾಳಿಕೆ ಬರುವ ಮಾಲು, ಹೊರಮೈಯಲ್ಲಿ ಒಂದೆರಡು ತಗ್ಗು, ಮೋಟಾರು ಗಟ್ಟಿ, ಸದ್ದು ಮಾತ್ರ ವಿಪರೀತ. ಟೊಲಿಡೊದಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಹುಟ್ಟಿದಾರಭ್ಯ ಯಾರಿಗೂ ಹೇಳಿದ ಬೆಲೆ ಕೊಟ್ಟವನಲ್ಲ. (ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಮುಂದೆ ಬಂದಾಗಲೂ 'ಕೊನೆಗೆಷ್ಟು?' ಎನ್ನುವಂತೆ ಪಾದ್ರಿಯ ಮುಖ ನೋಡುತ್ತಾನಂತೆ.) ಜೊತೆಯಲ್ಲಿ ಬಂದಿದ್ದ ಹೆಂಡತಿ ವರ್ನೀಟಾಳನ್ನು ತೂಗಲು ನನ್ನ ತಕ್ಕಡಿ ಸಾಲಲಿಲ್ಲ. ಅವಳೇ ನನ್ನನ್ನು ತೂಗಿ ಮುಗಿಸಿದ್ದಳು.

ಅವರು ಅಂದು ಬಂದದ್ದು ಅಂಗಡಿಗಲ್ಲ, ನನ್ನ ಮನೆಗೆ. ಅಂಗಡಿಯ ಮೇಲಿನ ಎರಡು ಕೋಣೆ ನನಗೆ ಸಾಕೆನಿಸಿ ಮನೆಯನ್ನು ಮಾರಾಟಕ್ಕಿಟ್ಟಿದ್ದೆ. ಲಿನ್‌ವುಡ್ ಗೋಡೆ ಬಡಿದ, ನಲ್ಲಿ ತಿರುಗಿಸಿದ, ಸೂರು ನೋಡಿ ನಿಟ್ಟುಸಿರು ಬಿಟ್ಟ. ವರ್ನೀಟಾ ಮಾತ್ರ ನೇರವಾಗಿ ಅಡುಗೆಮನೆಗೆ ಹೋಗಿ ಕಿಟಕಿಯ ಹತ್ತಿರ ಸುಮ್ಮನೆ ನಿಂತಳು. ಮದುವೆಯಾದಾಗಿನಿಂದ ಆಕೆ ಲಾಂಡ್ರಿಯೊಂದರ ಮೇಲಿನ ಬಾಡಿಗೆ ಕೋಣೆಗಳಲ್ಲಿ, ಪರರ ಬಟ್ಟೆಯ ಹಬೆಯಲ್ಲಿ ಅಡುಗೆ ಮಾಡಿದವಳು. ಅವಳು ನಿಂತ ರೀತಿಯಲ್ಲೇ ಮನೆ ಮಾರಾಟವಾಗಿಹೋಯಿತು. ಆಮೇಲೆ ನಡೆದ ಚೌಕಾಸಿಯೆಲ್ಲ ಲಿನ್‌ವುಡ್‌ನ ಆರೋಗ್ಯಕ್ಕಾಗಿ.

ನಾನು ಒಂದು ಲಕ್ಷ ನಲವತ್ತೆಂಟು ಸಾವಿರ ಡಾಲರ್ ಎಂದೆ. ಅವನು ಆರು ಸಾವಿರ ಇಳಿಸಿ ಕೇಳಿದ. ಕೊನೆಗೆ ನಮ್ಮ ಕಡೆ ನಡೆದುಬಂದ ದಾರಿ ಹಿಡಿದೆವು: ಬೆಲೆ ಹೇಳಿದಷ್ಟೇ ಇರಲಿ, ಕೊಳ್ಳುವವರ ಕ್ಲೋಸಿಂಗ್ ಖರ್ಚನ್ನು, ಅಂದರೆ ಮನೆ ಕೈಬದಲಾಗುವ ದಿನ ಬೀಳುವ ಬ್ಯಾಂಕು, ವಿಮೆ, ಕಾಗದಪತ್ರಗಳ ಖರ್ಚನ್ನು, ಆರು ಸಾವಿರದವರೆಗೆ ಮಾರುವವನೇ ಭರಿಸಲಿ. ಕೈಯಲ್ಲಿ ನಗದು ಕಡಿಮೆ ಇರುವವರಿಗೆ ಇದೇ ಅನುಕೂಲ. 'ಆರು ಸಾವಿರದವರೆಗೆ' ಎಂಬುದರಲ್ಲಿ ಲಿನ್‌ವುಡ್‌ಗೆ 'ಆರು ಸಾವಿರ' ಕಂಡಿತು, 'ವರೆಗೆ' ಕಾಣಲಿಲ್ಲ. ನನಗೆ ಮಣ್ಣು ಮುಕ್ಕಿಸಿದೆನೆಂದು ಎದೆಯುಬ್ಬಿಸಿಕೊಂಡು ಹೋದ.

ಮುಂದೆ ಅವರ ಮನೆಯಲ್ಲಿ ನಡೆದದ್ದನ್ನು ನಾನು ವರ್ನೀಟಾಳ ಬಾಯಿಂದ ಕೇಳಿದ್ದು. ಗಂಡನ ಮಾತುಗಳನ್ನು ಅವಳು ಗಂಡನಿಗಿಂತ ಚೆನ್ನಾಗಿ ಆಡುತ್ತಾಳೆ. (ಅವುಗಳಲ್ಲಿ ಬರುವ ಬ್ಯಾಸ್ಕಮ್ ನಾನೇ.)

ಬ್ಯಾಂಕಿನಿಂದ ಖರ್ಚಿನ ಅಂದಾಜು ಬಂದ ಸಂಜೆ ಲಿನ್‌ವುಡ್ ಊಟದ ಮೇಜನ್ನು ಯುದ್ಧಭೂಮಿ ಮಾಡಿಕೊಂಡ.

“ನಾವು ಕೊಟ್ಟ ಮುಂಗಡ ಎಸ್ಕ್ರೋದಲ್ಲಿದೆ ಅಂತಾರೆ. ನನ್ನ ಹತ್ರ ಇಲ್ಲ, ಆ ಬ್ಯಾಸ್ಕಮ್ ಹತ್ರಾನೂ ಇಲ್ಲ. ಹಾಗಾದ್ರೆ ಅದು ಯಾರ ಮನೇಲಿ ಊಟ ಮಾಡ್ತಾ ಇದೆ?”

“ಡೊಮಿನೊ ಆಡುವಾಗ ಪಂದ್ಯದ ದುಡ್ಡು ಯಾರ ಕೈಲಿ ಇಡ್ತೀರ ನೀವೆಲ್ಲ?”

“ಆಟಕ್ಕೆ ಕೂರದೇ ಇರೋನ ಕೈಲಿ.”

“ಅಷ್ಟೇ ಕಣೋ ಎಸ್ಕ್ರೋ. ಇಬ್ಬರ ಮೇಲೂ ನಂಬಿಕೆ ಇಲ್ಲ ಅಂದಾಗ ಮೂರನೆಯವನ ಕೈಗೆ ಕೊಡೋದು.”

“ಸರಿ, ಈ ಇನ್ನೊಂದು ಎಸ್ಕ್ರೋ? ಮುಂದೆ ಬರೋ ತೆರಿಗೆಗೆ, ವಿಮೆಗೆ ಅಂತ ಬ್ಯಾಂಕಿನವರು ಈಗ್ಲೇ ಕಿತ್ತಿಟ್ಕೋತಾರಲ್ಲ? ಬಸಿರಾಗೋಕೆ ಮುಂಚೆ ತೊಟ್ಟಿಲಿಗೆ ಬಾಡಿಗೆ!”

“ಬ್ಯಾಂಕಿನವರಿಗೆ ನಿನ್ನ ಗುರುತು ಚೆನ್ನಾಗಿ ಸಿಕ್ಕಿದೆ. ಬಿಟ್ರೆ ನೀನು ತೆರಿಗೆ ಕಟ್ಟೋ ಕಿಟಕೀಲೂ ಕೊನೆ ರೇಟು ಕೇಳ್ತೀಯ.”

ಒಟ್ಟು ಅಂದಾಜು ಆರು ಸಾವಿರದ ಇನ್ನೂರೈವತ್ತು. ನನ್ನ ಪಾಲಿನ ಆರು ಸಾವಿರ ಕಳೆದರೆ ಅವರ ತಲೆಗೆ ಬರುವುದು ಇನ್ನೂರೈವತ್ತು.

“ಅಷ್ಟು ನಾನು ಹೊಲಿಗೆ ದುಡ್ಡಲ್ಲಿ ಕೊಡ್ತೀನಿ. ಸಹಿ ಹಾಕಿ ಮನೆಗೆ ಹೋಗೋಣ,” ಎಂದಳು ವರ್ನೀಟಾ.

“ಕೇಳಿದಷ್ಟು ಕೊಡೋದಾ? ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ!”

“ಬರಲಿ. ಹೊಸ ಮನೇಲಿ ಒಂದು ಕೋಣೆ ಹೆಚ್ಚಿಗೆ ಇದೆ.”

ಆದರೆ ಲಿನ್‌ವುಡ್ ರಣಕಹಳೆ ಊದಿಯಾಗಿತ್ತು. ಬ್ಯಾಂಕಿಗೆ ಹೋಗಿ, ಕಡತ ನೋಡುವುದಕ್ಕೂ ಶುಲ್ಕವೇ, ಹಾಗಾದರೆ ನನ್ನ ಬಸ್ಸಿನ ಮುಖ ನೋಡಿದವರಿಂದಲೂ ಟಿಕೆಟ್ ಹಣ ಕೇಳಲೇ ಎಂದು ವಾದಿಸಿ ನೂರೈವತ್ತು ಇಳಿಸಿದ. ಕಾಗದಗಳನ್ನು ತಲುಪಿಸುವ ಕೂಲಿ ಕಂಡಾಗ, “ನನ್ನ ಬಸ್ಸು ಆ ಬೀದೀಲೇ ಹೋಗುತ್ತೆ, ನಾನೇ ತಂದ್ಕೊಡ್ತೀನಿ,” ಎಂದು ಅದನ್ನೂ ಹೊಡೆಸಿಹಾಕಿದ. ಆಮೇಲೆ ಟೈಟಲ್ ವಿಮೆಯ ಮೇಲೆ ಬಿದ್ದ. ಮನೆಯ ಒಡೆತನಕ್ಕೆ ನಾಳೆ ಯಾರಾದರೂ ತಕರಾರು ತೆಗೆದರೆ ಕಾಯುವ ವಿಮೆ ಅದು. ಮಾರುವವನು ಕೊಂಡಾಗ ಮಾಡಿಸಿದ ವಿಮೆ ತೀರಾ ಹಳೆಯದಲ್ಲದಿದ್ದರೆ ಹೊಸದಕ್ಕೆ ರಿಯಾಯಿತಿಯಿದೆ ಎಂದು ಯಾರೋ ಪ್ರಯಾಣಿಕ ಅವನ ಕಿವಿಯಲ್ಲಿ ಊದಿದ್ದ. ಬಸ್ಸಿನ ಸಮವಸ್ತ್ರದಲ್ಲೇ ನನ್ನ ಅಂಗಡಿಗೆ ಬಂದ.

“ಯಜಮಾನ್ರೇ, ನಿಮ್ಮ ಹಳೇ ವಿಮೆ ಕಾಗದ ಹುಡುಕ್ಕೊಡಿ. ನಿಮಗೆ ಬೇಜಾರಾಗ್ಬಾರದು, ನನಗೆ ಮುನ್ನೂರು ಉಳಿಯುತ್ತೆ.”

ನನಗೇಕೆ ಬೇಜಾರು? ಹುಡುಕಿಕೊಟ್ಟೆ. ಧೂಳಿಗೆ ಸೀನು ಬಂದದ್ದಷ್ಟೇ ನನ್ನ ನಷ್ಟ.

ಅವನ ಬ್ರಹ್ಮಾಸ್ತ್ರ ಬಂದದ್ದು ಕೊನೆಗೆ. ಕ್ಲೋಸಿಂಗ್ ತಿಂಗಳ ನಡುವೆ ಆದರೆ ಉಳಿದ ದಿನಗಳ ಬಡ್ಡಿಯನ್ನು ಮೊದಲೇ ಕಟ್ಟಬೇಕು. ತಿಂಗಳ ಕೊನೆಯಲ್ಲಾದರೆ ಬಡ್ಡಿ ಹೆಚ್ಚುಕಡಿಮೆ ಇಲ್ಲ. ಅವನು ದಿನವನ್ನು ಮುಂದಕ್ಕೆ ತಳ್ಳಿಸಿದ. ತಳ್ಳಿ ತಳ್ಳಿ ತಿಂಗಳ ಕಟ್ಟಕಡೆಯ ಶುಕ್ರವಾರಕ್ಕೆ ತಂದು ನಿಲ್ಲಿಸಿದ. ಬ್ಯಾಂಕು ಒಪ್ಪಿದ ಬಡ್ಡಿ ದರದ ಗಡುವು ಅಂದು ಸಂಜೆ ಐದಕ್ಕೆ ಮುಗಿಯುತ್ತಿತ್ತು. ದರ ಏರಿದರೆ ಅವರಿಗೆ ಸಾಲ ಹುಟ್ಟುವಂತಿರಲಿಲ್ಲ. ಮನೆಗಳನ್ನು ಕೊಂಡು ಬಾಡಿಗೆಗೆ ಬಿಡುವವನೊಬ್ಬ ನಗದು ಹಿಡಿದು ನನ್ನ ಬಾಗಿಲಲ್ಲಿ ಕಾಯುತ್ತಲೂ ಇದ್ದ.

“ಐದು ಗಂಟೆ ದಾಟಿದ್ರೆ ಮನೆ ಹೋಯ್ತು ಕಣೋ,” ಎಂದಳಂತೆ ವರ್ನೀಟಾ. “ಆ ಕಿಟಕಿಗೆ ನಾನು ಪರದೆ ಹೊಲಿದಾಗಿದೆ. ಬೇರೆ ಯಾವ ಕಿಟಕಿಗೂ ಅದರ ಅಳತೆ ಬರಲ್ಲ.”

“ನಾನು ಬಸ್ಸು ಓಡಿಸೋನು ವರ್ನೀ. ಹೊತ್ತಿಗೆ ಸರಿಯಾಗಿ ತಲುಪಿಸೋದು ನನ್ನ ಕಸುಬು.”

“ನಿನ್ನ ಬಸ್ಸಿಗೆ ಕಾದೋರನ್ನ ಕೇಳು.”

ಶುಕ್ರವಾರ ಮಧ್ಯಾಹ್ನ ಟೈಟಲ್ ಕಚೇರಿಯ ಉದ್ದ ಮೇಜಿನ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ನಾನು, ನಡುವೆ ಕಾಗದಪತ್ರ ಮಾಡಿಸುವ ಅಧಿಕಾರಿ ಮಿಸ್ ಕೊವಾಚ್ ಮತ್ತು ಇಟ್ಟಿಗೆಯಷ್ಟು ದಪ್ಪದ ಕಾಗದ. ಲಿನ್‌ವುಡ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಿಗ್ವಿಜಯಿಯಂತೆ ಕೂತಿದ್ದ. ಖರ್ಚು ಇಳಿದು ಐದು ಸಾವಿರದ ಮುನ್ನೂರ ಎಂಬತ್ತಕ್ಕೆ ಬಂದಿತ್ತು.

“ಆರು ಸಾವಿರದಲ್ಲಿ ಅದು ಕಳೆದ್ರೆ ಆರುನೂರ ಇಪ್ಪತ್ತು,” ಎಂದ. “ಚೆಕ್ಕಾದ್ರೂ ಆಗಬಹುದು, ನಗದಾದ್ರೂ ಆಗಬಹುದು. ನಮ್ಮದೇನೂ ಹಟ ಇಲ್ಲ.”

ಮಿಸ್ ಕೊವಾಚ್ ಕನ್ನಡಕ ತೆಗೆದರು. “ಮಿಸ್ಟರ್ ಪೆಟ್ವೇ, ಮಾರುವವರು ನಿಮ್ಮ ಖರ್ಚನ್ನ ಆರು ಸಾವಿರದವರೆಗೆ ಕೊಡ್ತಾರೆ. ಖರ್ಚು ಕಡಿಮೆಯಾದ್ರೆ ಅವರು ಕೊಡೋದೂ ಕಡಿಮೆ. ಉಳಿದದ್ದನ್ನ ನಿಮ್ಮ ಕೈಗೆ ಕೊಡೋ ಹಾಗಿಲ್ಲ, ಬ್ಯಾಂಕಿನ ನಿಯಮ.”

“ಹಾಗಾದ್ರೆ ಅದು ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಹೋಗಲ್ಲ. ಮಿಸ್ಟರ್ ಬ್ಯಾಸ್ಕಮ್ ಹತ್ರಾನೇ ಇರುತ್ತೆ.”

ಲಿನ್‌ವುಡ್ ಮೆಲ್ಲಗೆ ನನ್ನತ್ತ ತಿರುಗಿದ. ಉಳಿಸಿದ್ದರಲ್ಲಿ ಮೊದಲ ಇನ್ನೂರೈವತ್ತು ಅವನದು. ಅಲ್ಲಿಗೇ ನಿಲ್ಲಿಸಿದ್ದರೆ ಕಥೆಯಿಲ್ಲ. ಅದರಿಂದಾಚೆಗೆ ಆ ಮಹಾಶೂರ ವಾರಗಟ್ಟಲೆ ಹೋರಾಡಿದ್ದು, ಬ್ಯಾಂಕಿನವರನ್ನು ಬೈದದ್ದು, ಬಿಸಿಲಲ್ಲಿ ಕಾಗದ ಹೊತ್ತದ್ದು ಎಲ್ಲವೂ ನನ್ನ ಪರವಾಗಿ, ಸಂಬಳವಿಲ್ಲದೆ. (ನನಗೂ ಆಗಲೇ ತಿಳಿದದ್ದು. ಮೊದಲೇ ತಿಳಿದಿದ್ದರೆ ಅವನಿಗೆ ದಿನವೂ ಕಾಫಿ ಕಳಿಸುತ್ತಿದ್ದೆ.)

“ನಾನು ಸಹಿ ಹಾಕಲ್ಲ,” ಎಂದು ಎದ್ದುನಿಂತ.

“ಲಿನ್‌ವುಡ್, ನಾನೇ ಒಂದು ಚೆಕ್ಕು ಬರೆದುಕೊಡ್ತೀನಪ್ಪ,” ಎಂದೆ.

“ಖಂಡಿತ ಕೂಡದು,” ಎಂದರು ಮಿಸ್ ಕೊವಾಚ್. “ಅದನ್ನ ಬ್ಯಾಂಕಿನವರು ಮೋಸ ಅಂತ ಕರೀತಾರೆ.”

“ಹಾಗಾದ್ರೆ ಕಾಗದ ಬದಲಾಯಿಸಿ,” ಎಂದ ಲಿನ್‌ವುಡ್.

“ಬದಲಾಯಿಸಿದ್ರೆ ಬ್ಯಾಂಕು ಮತ್ತೆ ಒಪ್ಪಬೇಕು, ಅದು ಸೋಮವಾರದ ಮಾತು. ನಿಮ್ಮ ದರ ಇವತ್ತು ಐದಕ್ಕೆ ಮುಗಿಯುತ್ತೆ.”

ನಾಲ್ಕೂವರೆ ದಾಟಿತ್ತು. ಲಿನ್‌ವುಡ್ ಬಾಗಿಲವರೆಗೆ ಹೋಗಿ ಹಿಡಿಕೆಯ ಮೇಲೆ ಕೈಯಿಟ್ಟ. ವರ್ನೀಟಾ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಲಿನ್‌ವುಡ್, ನಿನ್ನ ಹೊಟ್ಟೆ ಉರೀತಾ ಇದೆ, ನನಗೆ ಗೊತ್ತು. ಅಳಬೇಕು ಅನ್ಸಿದ್ರೆ ಅಳು. ಆದ್ರೆ ನಮ್ಮ ಸ್ವಂತ ಅಡುಗೆಮನೇಲಿ ಕೂತು ಅಳು. ಲಾಂಡ್ರಿ ಮೇಲೆ ಬೇಡ. ಅಲ್ಲಿ ಅತ್ತು ಅತ್ತು ನನಗೆ ಸಾಕಾಗಿದೆ.”

ಅವನು ಹಿಡಿಕೆ ಬಿಟ್ಟ. ಮರಳಿ ಬಂದು ಕೂತು, ಪೆನ್ನು ತೆಗೆದುಕೊಂಡು, ಒಂದು ಹಾಳೆಯ ಬೆಲೆಯನ್ನೂ ಕೇಳದೆ ಇಟ್ಟಿಗೆಯಷ್ಟು ಕಾಗದಕ್ಕೆ ಸಹಿ ಹಾಕಿ ಮುಗಿಸಿದ. ನಾನು ಬೀಗದ ಕೈಯನ್ನು ಮೇಜಿನ ಮೇಲೆ ಸರಿಸಿದೆ. ವರ್ನೀಟಾ ಅದನ್ನು ಎತ್ತಿಕೊಳ್ಳಲಿಲ್ಲ. ಮೊದಲು ಅದರ ಮೇಲೆ ಅಂಗೈ ಇಟ್ಟಳು.

ಚಳಿ ಶುರುವಾದಾಗ ಇಬ್ಬರೂ ಒಲೆ ಕೊಳ್ಳಲು ನನ್ನ ಅಂಗಡಿಗೆ ಬಂದರು. ನಾನು ಕಾದಿದ್ದದ್ದೇ ಅದಕ್ಕೆ. ವರ್ನೀಟಾ ಆರು ಉರಿಯ ಬಿಳಿ ಒಲೆಯೊಂದರ ಮುಂದೆ ನಿಂತಳು, ಅಂದು ಕಿಟಕಿಯ ಹತ್ತಿರ ನಿಂತ ಹಾಗೆಯೇ. ಬೆಲೆ ಸಾವಿರದ ನೂರು ಎಂದೆ. ಅವನು ಕೂಗಾಡಲಿ, ನಾನು ನರಳುತ್ತಾ ಆರುನೂರ ಇಪ್ಪತ್ತು ಸೋಲುವುದು, ಲೆಕ್ಕ ಮುಗಿಸುವುದು ಎಂದುಕೊಂಡಿದ್ದೆ.

ಲಿನ್‌ವುಡ್ ಹೆಂಡತಿಯ ಮುಖ ನೋಡಿದ. ಜೇಬಿನಿಂದ ಸಾವಿರದ ನೂರು ತೆಗೆದ.

“ಏನಪ್ಪ, ಕಡಿಮೆ ಮಾಡಿ ಅನ್ನಲ್ವ?”

“ಇಲ್ಲ.”

“ನೂರು ಬಿಡ್ತೀನಿ.”

“ಬೇಡ.”

“ಮುನ್ನೂರು! ಹೋಗಲಿ, ಆರುನೂರ ಇಪ್ಪತ್ತು!”

“ನೋಡಿದ್ಯಾ ವರ್ನೀ, ಬಲೆ ಬೀಸ್ತಾ ಇದಾರೆ,” ಎಂದ ಲಿನ್‌ವುಡ್. “ಯಜಮಾನ್ರೇ, ನಾನು ಕಡಿಮೆ ಮಾಡಿಸಿದಷ್ಟೂ ನಿಮಗೆ ಲಾಭ ಆಗೋ ದಾರಿ ನಿಮಗೆ ಗೊತ್ತಿದೆ. ಒಂದ್ಸಲ ಬಿದ್ದಾಯ್ತು. ಇವಳು ಮೆಚ್ಚಿದ ಒಲೆಗೆ ಪೂರ್ತಿ ಬೆಲೆ ಕೊಡ್ತೀನಿ, ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ.”

ವರ್ನೀಟಾ ನನ್ನ ಕಡೆ ನೋಡಿ, ಇದು ಬಲೆಯಲ್ಲವೆಂದು ಹೇಳಬೇಡಿ ಎಂಬಂತೆ ತಲೆಯಾಡಿಸಿದಳು. ಆಮೇಲೆ ಭಾನುವಾರದ ಊಟಕ್ಕೆ ಕರೆದಳು. ಅಂದಿನಿಂದ ಪ್ರತಿ ಭಾನುವಾರವೂ ನನಗೆ ಅಲ್ಲೇ ಊಟ.

ನಾನು ಲಿನ್‌ವುಡ್ ಪೆಟ್ವೇಗೆ ಆರುನೂರ ಇಪ್ಪತ್ತು ಡಾಲರ್ ಕೊಡಬೇಕು. ಅವನ ಹೆಂಡತಿಗೆ ಊಟದ ಋಣ ತೀರಿಸಬೇಕು.