ಬಿಸಿಲಲ್ಲಿ ಬಿದ್ದ ಹದಿನಾಲ್ಕು ಮಿಲಿಮೀಟರ್

ಕೊಪ್ಪದ ಆಸುಪಾಸಿನಲ್ಲಿ ನಮ್ಮ ಮನೆತನದ ಮಾತಿಗೆ ಮೂರು ತಲೆಮಾರಿನಿಂದ ಬೆಲೆಯಿದೆ. ಬೇಲಿ ಜಗಳವಾದರೆ ಜನ ಸರ್ವೆಯವರಿಗಿಂತ ಮೊದಲು ನನ್ನಜ್ಜನ ಹತ್ತಿರ ಬರುತ್ತಿದ್ದರು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಮಾರ್ಜಿನ್ ಸೊಟ್ಟಗಾದರೆ ಇಡೀ ಪುಟ ಮತ್ತೆ ಬರೆಯಬೇಕಿತ್ತು. ಅದಕ್ಕೇ ಊರಿನ ನೀರು ಸಮಿತಿ ನಮ್ಮ ಹಿತ್ತಲಲ್ಲಿ ಮಳೆಮಾಪಕ ಇಟ್ಟು, ಕುಡಿಯುವ ನೀರಿನ ಬಾವಿಯ ಅಳತೆ ಪುಸ್ತಕವನ್ನೂ ನನಗೇ ಒಪ್ಪಿಸಿತು. ಬೇಸಿಗೆಯಲ್ಲಿ ತೋಟಕ್ಕೆ ವಾರಕ್ಕೆ ಎಷ್ಟು ದಿನ ನೀರು ಬಿಡಬಹುದೆಂದು ತೀರ್ಮಾನವಾಗುವುದು ಆ ಪುಸ್ತಕ ನೋಡಿಯೇ. ನಾನು ಸರಿಯಾಗಿ ಬರೆಯುತ್ತೇನೆ. ಉಳಿದವರು ಸುಮ್ಮನಿರುವುದಿಲ್ಲ.

ತೊಳೆದಿಟ್ಟ ಮಳೆ

ಜೂನ್ ತಿಂಗಳು, ಭರ್ಜರಿ ಮಳೆ. ಬೆಳಿಗ್ಗೆ ಎಂಟೂವರೆಗೆ ಹೋಗಿ ನೋಡಿದರೆ ಮಾಪಕದಲ್ಲಿ ಹನಿ ನೀರಿಲ್ಲ. ಫಳಫಳ ಹೊಳೆಯುತ್ತಿದೆ. ಕೆಲಸದಾಕೆಯನ್ನು ಕರೆದೆ.

"ಇದರಲ್ಲಿದ್ದ ನೀರು ಎಂತಾಯ್ತೇ?"

"ಚೆಲ್ಲಿದೆ ಅಮ್ಮ. ನೀರು ನಿಂತ್ರೆ ಸೊಳ್ಳೆ ಆಗ್ತದೆ. ಸೋಪು ಹಾಕಿ ತಿಕ್ಕಿ ಇಟ್ಟಿದೀನಿ."

ಸುಳ್ಳು ಬರೆಯುವುದು ನನ್ನಿಂದಾಗದು. ಷರಾ ಕಾಲಮಿನಲ್ಲಿ 'ತೊಳೆಯಲಾಗಿದೆ' ಎಂದು ಬರೆದೆ. ಮಧ್ಯಾಹ್ನ, ನಾನು ದಿನಾ ಮಳೆ ಲೆಕ್ಕ ಕಳಿಸುವ ತಾಲೂಕು ಕಚೇರಿಯಿಂದ ಫೋನ್: "ಮೇಡಂ, ಎಷ್ಟು ಮಿಲಿಮೀಟರ್ ತೊಳೆದಿದ್ದೀರಿ?"

ಭಾವನ ಮಳೆ

ನಮ್ಮ ಕಡೆ ಮಳೆಯೆಂದರೆ ಮಾನದ ಪ್ರಶ್ನೆ. ಕಾಫಿ ತೋಟದವರೊಬ್ಬರು ದಿನಾ ಫೋನ್ ಮಾಡುತ್ತಾರೆ.

"ಅಕ್ಕ, ಇವತ್ತೆಷ್ಟು?"

"ತೊಂಬತ್ತೆರಡು."

"ಜಯಪುರದ ನನ್ನ ಭಾವ ನೂರಹತ್ತು ಅಂತಾನೆ! ಮದುವೆಯಾದಾಗಿಂದ ಅವನ ಹತ್ರ ಸೋಲ್ತಾನೇ ಇದೀನಿ. ನೂರಹದಿನೈದು ಬರೀರಿ ಮಾರಾಯ್ರೆ."

"ಬಿದ್ದಷ್ಟೇ ಬರೆಯುವುದು."

"ಹೋಗ್ಲಿ, ಒಂದು ವಾರ ಮಾಪಕ ನಮ್ಮ ಮನೆ ಮಾಡಿನ ಅಂಚಿಗೆ ಇಡೋಣ. ಅಲ್ಲಿ ಚೆನ್ನಾಗಿ ಬೀಳ್ತದೆ."

ಮಾರ್ಚಿನ ಮಳೆ

ಮಾರ್ಚಿನಲ್ಲಿ ಬಾವಿ ಇಳಿಯತೊಡಗಿತು. ತೋಟದ ಸ್ಪ್ರಿಂಕ್ಲರ್ ಬುಧವಾರ, ಶನಿವಾರ ಮಾತ್ರ ಎಂದು ಸಮಿತಿ ನಿಯಮ ಮಾಡಿತು. ಆದರೂ ನೀರು ದಿನಕ್ಕೊಂದು ಗೇಣು ಇಳಿಯುತ್ತಲೇ ಇತ್ತು. ಸಭೆಯಲ್ಲಿ ಅಳತೆ ಓದಿ ಹೇಳಿದೆ. ಸಮಿತಿಯ ಅಧ್ಯಕ್ಷರು ಎದ್ದರು. ಅವರ ತೋಟ ನಮ್ಮ ಹಿತ್ತಲ ಬೇಲಿಯಾಚೆಗೇ ಇದೆ.

"ನಿಯಮ ಎಲ್ಲರೂ ಪಾಲಿಸ್ತಾ ಇದೀವಿ. ಅಮ್ಮನಿಗೆ ವಯಸ್ಸಾಯ್ತು, ಬಾವಿಗೆ ಇಳಿಬಿಡೋ ಟೇಪು ಸರಿ ಕಾಣಲ್ಲ. ಮುಂದಿನ ಸಭೆಯಲ್ಲಿ ಪುಸ್ತಕ ಬೇರೆಯವರಿಗೆ ಕೊಡೋಣ."

ಸಭೆ ನಕ್ಕಿತು. ನಾನು ನಗಲಿಲ್ಲ.

ಭಾನುವಾರ ಊರಿಗೆ ಊರೇ ಕಮ್ಮರಡಿಗೆ ಮದುವೆಗೆ ಹೋಯಿತು. ಕಾಲುನೋವೆಂದು ಮನೆಯಲ್ಲೇ ಉಳಿದವರು ಅಧ್ಯಕ್ಷರೊಬ್ಬರೇ. ಸೋಮವಾರ ಬೆಳಿಗ್ಗೆ ನೋಡಿದರೆ ಮಾಪಕದಲ್ಲಿ ಹದಿನಾಲ್ಕು ಮಿಲಿಮೀಟರ್! ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಇದ್ದದ್ದನ್ನು ಇದ್ದಂತೆ ಕಳಿಸಿದೆ. ಕಚೇರಿಯವರು ಫೋನ್ ಮಾಡಿದರು.

"ಮೇಡಂ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಎಲ್ಲೂ ಹನಿ ಬಿದ್ದಿಲ್ಲ. ನಿಮ್ಮ ಹಿತ್ತಲಿಗೆ ಮಾತ್ರ ಬಿತ್ತಾ?"

"ಬಂದು ನೋಡಿ."

ಬಂದರು. ಬೇಲಿಯಿಂದ ಮಾಪಕದವರೆಗೆ ನೆಲ ಒದ್ದೆ. ಬೇಲಿಯಾಚೆ ಅಧ್ಯಕ್ಷರ ಸ್ಪ್ರಿಂಕ್ಲರ್ ಇನ್ನೂ ತೊಟ್ಟಿಕ್ಕುತ್ತಿತ್ತು.

ಮುಂದಿನ ಸಭೆಯಲ್ಲಿ ಕಚೇರಿಯವರೇ ಎಲ್ಲವನ್ನೂ ವಿವರಿಸಿದರು. ಎಲ್ಲರೂ ಅಧ್ಯಕ್ಷರತ್ತ ತಿರುಗಿದರು.

"ನನ್ನದೇನು ತಪ್ಪು ಮಾರಾಯ್ರೆ? ಅವತ್ತು ಗಾಳಿ ಜೋರಿತ್ತು. ಇಲ್ಲದಿದ್ರೆ ಬೇಲಿ ದಾಟ್ತಾನೇ ಇರ್ಲಿಲ್ಲ!"

ಜನ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಈ ಸಲ ನಾನೂ ನಕ್ಕೆ. ಪುಸ್ತಕ ನನ್ನ ಬಳಿಯೇ ಉಳಿಯಿತು. ಬಾವಿಯೂ ಇಳಿಯುವುದನ್ನು ನಿಲ್ಲಿಸಿತು.

ಆದರೆ ನನ್ನ ಕಣ್ಣು ಸರಿಯಿಲ್ಲವೆಂದದ್ದು ತುಂಬಿದ ಸಭೆಯಲ್ಲಿ. ಅಧ್ಯಕ್ಷರು ಅಂಥದ್ದೇ ಸಭೆಯಲ್ಲಿ ಎದ್ದು ನಿಂತು ನನ್ನ ಕ್ಷಮೆ ಕೇಳಬೇಕು.